ಹೋಬೋಕನ್ನಿನಲ್ಲಿ ಸೋರೆಕಾಯಿ ಸುಶಿ

ಪಿಸ್ಕಾಟವೇ

ನನಗೆ ಜಪಾನಿ ಭಾಷೆ ಬರುತ್ತದೆ ಎಂಬ ಸುದ್ದಿ ನಮ್ಮ ನೆಂಟರಿಷ್ಟರಲ್ಲಿ ಬಹಳ ವರ್ಷಗಳಿಂದ ಇದೆ. ಹಬ್ಬಿಸಿದವನು ನಾನೇ. ಮೈಸೂರು ರಸ್ತೆಯ ಆಚೆ, ಜಪಾನಿಯರು ನಡೆಸುತ್ತಿದ್ದ ವಾಹನದ ಬಿಡಿಭಾಗಗಳ ಒಂದು ಕಾರ್ಖಾನೆಯಲ್ಲಿ ನನ್ನ ಇಡೀ ನೌಕರಿ ಕಳೆಯಿತು. ತರಬೇತಿಗೆಂದು ಜಪಾನಿಗೆ ಕಳುಹಿಸುವ ಮಾತು ಬಂದಾಗಲೆಲ್ಲ ನನ್ನ ಹೆಸರು ತೀರಾ ಹತ್ತಿರ ಬಂದು, ಕೊನೆಗೆ ಪಕ್ಕದ ಶಿಫ್ಟಿನವನ ಪಾಲಾಗುತ್ತಿತ್ತು. ಹಾಗಾಗಿ ಜಪಾನನ್ನು ನಾನು ನೋಡಲಿಲ್ಲ. ಆದರೆ ಅಲ್ಲಿಂದ ಬಂದ ಸೂಪರ್‌ವೈಸರುಗಳು ಯಂತ್ರಗಳ ಗದ್ದಲದ ನಡುವೆ ಕೂಗುತ್ತಿದ್ದ ಮಾತುಗಳೆಲ್ಲ ನನಗೆ ಬಾಯಿಪಾಠ. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ನಾಲ್ಕು ಮಾತು ಉದುರಿಸುತ್ತಿದ್ದೆ. ಎಲ್ಲರೂ ತಲೆದೂಗುತ್ತಿದ್ದರು. ನಾನು ಹೇಳಿದ್ದು ‘ಹೆಲ್ಮೆಟ್ ಹಾಕಿಕೊ, ಈ ಮಾಲು ಕೆಟ್ಟಿದೆ, ಪಕ್ಕಕ್ಕಿಡು’ ಎಂದು ಅವರಿಗೆ ಗೊತ್ತಾಗುವುದಾದರೂ ಹೇಗೆ?

ಈ ಕೀರ್ತಿ ಸಮುದ್ರ ದಾಟಿದೆ ಎಂದು ತಿಳಿದದ್ದು ನಾನೂ ನನ್ನ ಹೆಂಡತಿ ವಿಮಲಳೂ ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿರುವ ನನ್ನ ತಮ್ಮ ರಘುವಿನ ಮನೆಗೆ ಬಂದಿಳಿದ ಮೇಲೆ. ಪ್ರಯಾಣದ ಆಯಾಸ ಇಳಿಯುವ ಮುಂಚೆಯೇ ರಘು ನನ್ನನ್ನು ಹಿತ್ತಿಲ ಡೆಕ್‌ಗೆ ಕರೆದುಕೊಂಡು ಹೋಗಿ, ಕೈಗೆ ಕಾಫಿ ಕೊಟ್ಟು, ತನ್ನ ಮಗಳ ವಿಷಯ ತೆಗೆದ.

ಮಗಳು ಇಂಚರ. ಇಲ್ಲೇ ಹುಟ್ಟಿದವಳು. ಫಾರ್ಮಸಿ ಓದಿ, ಲೈಸೆನ್ಸು ತೆಗೆದುಕೊಂಡು, ಔಷಧಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ, ವರ್ಷ ತುಂಬುವುದರೊಳಗೆ ಬಿಟ್ಟು, ಹೋಬೋಕನ್ ಎಂಬ ಊರಿನಲ್ಲಿ, ಅನ್ನದ ಮೇಲೆ ಹಸಿ ಮೀನಿಟ್ಟು ಕೊಡುವ ಒಂದು ಜಪಾನಿ ಸುಶಿ ಅಂಗಡಿಯಲ್ಲಿ ಕೆಲಸ ಕಲಿಯಲು ನಿಂತಿದ್ದಳು. ಮೊಟ್ಟೆ ಒಡೆದರೆ ಕಿಟಕಿ ತೆರೆಯುವ ಮನೆಯ ಹುಡುಗಿ ದಿನವೂ ಮೀನು ಕೊಯ್ಯುತ್ತಿದ್ದಳು. ಕನ್ನಡದವರು ಸೇರಿದ ಕಡೆ ಯಾವುದಾದರೂ ಆಂಟಿ ‘ಮಗಳು ಏನ್ ಮಾಡ್ತಿದಾಳೆ?’ ಎಂದರೆ ರಘು ‘ಫುಡ್ ಇಂಡಸ್ಟ್ರಿ’ ಎಂದು ಹೇಳಿ ತಟ್ಟೆ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದನಂತೆ.

ಅಪ್ಪ ಮಗಳ ನಡುವೆ ಒಂದು ಒಪ್ಪಂದ ಆಗಿತ್ತು. ಈ ಬೇಸಿಗೆ ಬರುವುದರೊಳಗೆ ಆ ಅಂಗಡಿಯ ಯಜಮಾನರು ಅವಳನ್ನು ಗಿರಾಕಿಗಳ ಎದುರು, ಕೌಂಟರಿನ ಹಿಂದೆ ನಿಲ್ಲಿಸಬೇಕು. ಇಲ್ಲವಾದರೆ ಅವಳು ಮರುಮಾತಿಲ್ಲದೆ ಫಾರ್ಮಸಿ ಕೆಲಸಕ್ಕೆ ಹಿಂತಿರುಗಬೇಕು. ಯಜಮಾನರು ಕೊನೆಗೂ ಪರೀಕ್ಷೆಗೆ ಒಂದು ದಿನ ಗೊತ್ತು ಮಾಡಿದ್ದರು. ಇಬ್ಬರು ಅತಿಥಿಗಳನ್ನು ಕರೆತರಬೇಕು, ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ ಅವಳೊಬ್ಬಳೇ ಬಡಿಸಬೇಕು. ಅತಿಥಿಗಳು ಸುಶಿಯ ಗಂಧಗಾಳಿ ಇಲ್ಲದವರಾಗಿರಬೇಕು. ತಿಳಿದವರು ತಾವೇ ಸಂಭಾಳಿಸಿಕೊಂಡು ತಿನ್ನುತ್ತಾರೆ, ತಿಳಿಯದವರಿಗೆ ಬಡಿಸುವಾಗಲೇ ಕೆಲಸಗಾರ ಎಂಥವನೆಂದು ಕಾಣುವುದು ಎಂಬುದು ಅವರ ವಾದ. ಇಂಚರ ತನಗೆ ಗೊತ್ತಿರುವ ಅತಿ ದೊಡ್ಡ ಅಜ್ಞಾನಿಗಳು ಯಾರೆಂದು ಯೋಚಿಸಿ ನಮ್ಮಿಬ್ಬರನ್ನು ಆರಿಸಿದ್ದಳು.

“ಅಣ್ಣ, ನಿಮ್ಮ ಮಾತು ಅವಳು ಕೇಳ್ತಾಳೆ,” ಎಂದ ರಘು. “ತಿನ್ನಿ, ಹೊಗಳಿ, ಆಮೇಲೆ ಮೆಲ್ಲಗೆ ಹೇಳಿ. ಲೈಸೆನ್ಸ್ ಇನ್ನೂ ವ್ಯಾಲಿಡ್ ಇದೆ. ಪಾಸಾದ್ರೂ ಸರಿ, ಆಗ್ದಿದ್ರೂ ಸರಿ, ವಾಪಸ್ ಬಾ ಅಂತ ಹೇಳಿ.”

ನಾನು ಗಂಭೀರವಾಗಿ ಆಗಲಿ ಎಂದೆ. ಒಳಗೊಳಗೆ ನನ್ನ ಮನಸ್ಸು ಕುಣಿಯುತ್ತಿತ್ತು. ಇಷ್ಟು ವರ್ಷಗಳ ಮೇಲೆ ನನ್ನ ಜಪಾನಿಗೆ ಒಬ್ಬ ನಿಜವಾದ ಜಪಾನಿ ಸಿಗುವವನಿದ್ದ.

ಹ್ಯಾರಿಸನ್

ಇಂಚರಳ ಮನೆ ಹ್ಯಾರಿಸನ್ನಿನಲ್ಲಿ, ರೈಲು ನಿಲ್ದಾಣದ ಪಕ್ಕದ ಹೊಸ ಕಟ್ಟಡವೊಂದರಲ್ಲಿ. ನಮ್ಮನ್ನು ಹಿಂದಿನ ದಿನವೇ ಅಲ್ಲಿಗೆ ಕರೆಸಿಕೊಂಡಿದ್ದಳು. ಅಡುಗೆಮನೆಯಲ್ಲಿ ನಿಂತರೆ ಮಂಚಕ್ಕೆ ಕೈ ಎಟುಕುವಷ್ಟು ದೊಡ್ಡ ಮನೆ. ಕುಕ್ಕರು ಒಂದೇ, ಚಾಕುಗಳು ಮಾತ್ರ ಬಟ್ಟೆಯಲ್ಲಿ ಸುತ್ತಿಟ್ಟವು ಹಲವು. ವಿಮಲ ಅವುಗಳನ್ನು ನೋಡಿ, ಹೆಣ್ಣು ನೋಡಲು ಬಂದವರಿಗೆ ಇವನ್ನು ತೋರಿಸಬೇಡ ಎಂದಳು.

ಮೀನಿಲ್ಲದ ಸುಶಿ ಎಂದರೆ ಮೊಸರಿಲ್ಲದ ಮೊಸರನ್ನವಲ್ಲವೇ ಎಂದು ನಾನು ಕೇಳಿದೆ. ಅವಳೂ ಅದೇ ಭಯದಲ್ಲಿ ಯಜಮಾನರಿಗೆ ನನ್ನ ಅತಿಥಿಗಳು ಸಸ್ಯಾಹಾರಿಗಳು ಎಂದು ಹೇಳಿದಳಂತೆ. ಅವರು ಖುಷಿಯಾಗಿ, ಒಳ್ಳೆಯ ಮೀನು ಎಂಥ ದಡ್ಡನನ್ನೂ ಕಾಪಾಡುತ್ತದೆ, ಸೌತೆಕಾಯಿ ಯಾರನ್ನೂ ಕಾಪಾಡುವುದಿಲ್ಲ ಎಂದರಂತೆ.

ಆಮೇಲೆ ಪಾಠ ಶುರುವಾಯಿತು. ತಿನ್ನುವ ಮುಂಚೆ ‘ಇತಾದಾಕಿಮಾಸ್’. ಮುಗಿದ ಮೇಲೆ ‘ಗೊಚಿಸೋಸಾಮಾ’. ಯಾರನ್ನಾದರೂ ಕರೆಯಬೇಕಿದ್ದರೆ ‘ಸುಮಿಮಾಸೆನ್’. ಇದು ಬೇಕು ಎನ್ನಲು ‘ಕೊರೆ ಕುದಾಸಾಯ್’, ಆದರೆ ಅದರ ಅಗತ್ಯ ಬೀಳುವುದಿಲ್ಲ, ಯಾಕೆಂದರೆ ನಾವು ಹೇಳಬೇಕಾದದ್ದು ‘ಒಮಾಕಾಸೆ’. ಅಂದರೆ ನಿಮಗೆ ಬಿಟ್ಟದ್ದು, ನೀವು ಕೊಟ್ಟದ್ದು ತಿನ್ನುತ್ತೇವೆ. ಇದು ನಮಗೆ ಹೊಸದಲ್ಲ. ಮದುವೆ ಊಟಕ್ಕೆ ಕೂತವನು ಮುಂದೆ ಏನು ಬರುತ್ತದೆ ಎಂದು ಕೇಳದೆ ಎಲೆಯ ಕಡೆ ಭಕ್ತಿಯಿಂದ ನೋಡುತ್ತಿರುತ್ತಾನಲ್ಲ, ಹಾಗೆ.

ವಿಮಲ ಹೈಸ್ಕೂಲಿನಲ್ಲಿ ಹಿಂದಿ ಟೀಚರಾಗಿದ್ದವಳು. ಪ್ರತಿ ಮಾತನ್ನೂ ಯಾರು ಯಾರಿಗೆ ಯಾವಾಗ ಹೇಳಬೇಕೆಂದು ಕೇಳಿ, ನಿಧಾನವಾಗಿ ಹೇಳಿ, ತಿದ್ದಿಸಿಕೊಂಡು, ಕಾಫಿ ಆರುವುದರೊಳಗೆ ಕಲಿತುಬಿಟ್ಟಳು. ನಾನು ಬಂದ ವಿದ್ಯೆಯನ್ನೇ ಮತ್ತೆ ಕಲಿಯುವ ಅವಮಾನ ಸಹಿಸಲಾರದೆ, ನನ್ನ ಬತ್ತಳಿಕೆಯಿಂದ ಒಂದು ದೊಡ್ಡ ವಾಕ್ಯ ತೆಗೆದು ಹೊಡೆದೆ. ಇಂಚರ ಕಾಫಿ ಲೋಟ ಕೆಳಗಿಟ್ಟಳು.

“ದೊಡ್ಡಪ್ಪ, ಯೂ ಸೌಂಡ್ ಲೈಕ್ ಯು ಆರ್ ಯೆಲ್ಲಿಂಗ್ ಅಟ್ ಅ ಫೋರ್ಕ್‌ಲಿಫ್ಟ್.”

ಅದು ನಿಜವಾಗಿಯೂ ಫೋರ್ಕ್‌ಲಿಫ್ಟಿನವನಿಗೆ ಹೇಳುವ ಮಾತೇ ಆಗಿತ್ತು.

ವಿಮಲ ಮಲಗುವ ಮುಂಚೆ ನನಗೊಂದು ಮಾತು ಹೇಳಿದಳು. “ರೀ, ಇದು ಆ ಹುಡುಗಿ ಪರೀಕ್ಷೆ. ನಿಮ್ಮದಲ್ಲ. ಕೊಟ್ಟಿದ್ದು ತಿಂದು ಬಾಯಿ ಮುಚ್ಕೊಂಡು ಎದ್ದು ಬರೋಣ.” ಹೂಂ ಎಂದೆ. ಹೂಂ ಎನ್ನುವುದು ಸುಲಭ.

ರೈಲಿನಲ್ಲಿ

ಇಂಚರ ಬೆಳಿಗ್ಗೆಯೇ ಹೋಗಿದ್ದಳು. ನಾವಿಬ್ಬರೂ ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಹೇಳಿಕೊಟ್ಟ ಹಾಗೆ ರೈಲು ಹಿಡಿದು, ಮಧ್ಯೆ ಒಂದು ಕಡೆ ಬದಲಿಸಿ ಹೋಗಬೇಕಿತ್ತು. ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಯಾವ ಕೆಲಸವನ್ನಾದರೂ ಸರಿಯಾಗಿದೆಯೇ ಎಂದು ಕಣ್ಣಲ್ಲಿ ನೋಡಿದರೆ ಸಾಲದು, ತೋರುಬೆರಳು ಚಾಚಿ ಅದನ್ನೇ ತೋರಿಸಿ ‘ಯೋಶಿ’ ಎಂದು ಗಟ್ಟಿಯಾಗಿ ಹೇಳಬೇಕು. ಸರಿಯಿದೆ ಎಂದು ಅರ್ಥ. ನಿವೃತ್ತನಾದರೂ ಈ ಚಟ ನನ್ನನ್ನು ಬಿಟ್ಟಿಲ್ಲ. ಪ್ಲಾಟ್‌ಫಾರ್ಮಿನ ಫಲಕಕ್ಕೆ ಬೆರಳು ಚಾಚಿ ಯೋಶಿ ಎಂದೆ. ಚೀಲಕ್ಕೆ ಯೋಶಿ. ಹೆಂಡತಿಗೆ ಯೋಶಿ. ಎದುರು ಕೂತಿದ್ದ ತರುಣನೊಬ್ಬ ಮುಂದಿನ ಬೆರಳು ತನ್ನ ಕಡೆಗೇ ಎಂದು ತಿಳಿದೋ ಏನೋ, ಎದ್ದು ಬೇರೆ ಡಬ್ಬಿಗೆ ಹೋದ. ವಿಮಲ ಅವನು ಹೋದ ದಿಕ್ಕಿಗೆ ತಿರುಗಿ ತುಂಬ ಮೃದುವಾಗಿ ‘ಸುಮಿಮಾಸೆನ್’ ಎಂದಳು. ಕ್ಷಮೆ ಕೇಳಲೂ ಅದೇ ಮಾತು ಆಗುತ್ತದೆಂದು ಅವಳು ನನಗೆ ತಿಳಿಯದ ಹಾಗೆ ಕೇಳಿಟ್ಟುಕೊಂಡಿದ್ದಳು.

ಹೋಬೋಕನ್

ನಿಲ್ದಾಣದಿಂದ ಹೊರಬಂದರೆ ಹಡ್ಸನ್ ನದಿ, ಆಚೆ ದಡದಲ್ಲಿ ಮ್ಯಾನ್‌ಹ್ಯಾಟನ್. ಅದನ್ನು ನೋಡಿ ಬೆರಗಾಗಬೇಕೆಂದು ರಘು ಹೇಳಿ ಕಳಿಸಿದ್ದ. ಹಸಿವಾಗಿದ್ದರಿಂದ ಬೇಗ ಬೇಗ ಬೆರಗಾಗಿ ಮುಂದೆ ನಡೆದೆವು.

ಅಂಗಡಿ ಒಂದು ಗಲ್ಲಿಯಲ್ಲಿತ್ತು. ಬಾಗಿಲು ಸರಿಸುತ್ತಲೇ ಒಳಗಿದ್ದ ಕೆಲಸದವರೆಲ್ಲ ಒಟ್ಟಿಗೆ ‘ಇರಾಶ್ಶೈಮಾಸೆ’ ಎಂದು ಕೂಗಿದರು. ಬನ್ನಿ ಬನ್ನಿ ಎನ್ನುವ ಸ್ವಾಗತ. ಗಿರಾಕಿಗಳು ಅದಕ್ಕೆ ಉತ್ತರ ಕೊಡಬೇಕಾಗಿಲ್ಲ ಎಂದು ಇಂಚರ ಹೇಳಿದ್ದಳು. ಆದರೆ ಇಷ್ಟು ಜನ ಒಟ್ಟಿಗೆ ಕೂಗಿದ್ದನ್ನು ನಾನು ಕೇಳಿದ್ದು ಕಾರ್ಖಾನೆಯ ಶಿಫ್ಟು ಶುರುವಾಗುವಾಗ ಮಾತ್ರ. ಕಾಲುಗಳು ತಾವಾಗಿ ಜೋಡಿಸಿಕೊಂಡವು. ಸೊಂಟ ಬಾಗಿತು. ಹೊಟ್ಟೆಯಾಳದಿಂದ ‘ಒಹಾಯೋ ಗೊಝಾಯ್‌ಮಾಸ್’ ಹೊರಟಿತು. ಶುಭೋದಯ ಎಂದರ್ಥ, ನಮ್ಮ ಕಾರ್ಖಾನೆಯಲ್ಲಿ ಶಿಫ್ಟು ಯಾವ ಹೊತ್ತಿಗೆ ಶುರುವಾದರೂ ಅದೇ ನಮಸ್ಕಾರ. ಆ ಮಧ್ಯಾಹ್ನದ ಬಿಸಿಲಿನಲ್ಲಿ ಇಡೀ ಅಂಗಡಿ ನನ್ನನ್ನು ನೋಡಿತು. ಕೌಂಟರಿನ ಹಿಂದೆ ಬಿಳಿ ಅಂಗಿ ತೊಟ್ಟು ನಿಂತಿದ್ದ ಇಂಚರ ಕಣ್ಣು ಮುಚ್ಚಿಕೊಂಡಳು.

ಅವಳ ಪಕ್ಕದಲ್ಲಿ ಯಜಮಾನರು ಇದ್ದರು. ಮೊರಿತಾ ಎಂದು ಹೆಸರು, ಅಂಗಡಿಯಲ್ಲಿ ಎಲ್ಲರೂ ‘ತಾಯ್ಶೋ’, ಅಂದರೆ ಯಜಮಾನರೇ, ಎಂದು ಕರೆಯುತ್ತಾರೆ. ನನಗಿಂತ ಹಿರಿಯರು, ತೆಳ್ಳಗೆ, ಮುಖದಲ್ಲಿ ಏನೂ ಕಾಣದವರು. ಅವರು ನನಗೆ ಅಷ್ಟೇ ಬಾಗಿ ಒಹಾಯೋ ಎಂದು ಉತ್ತರ ಕೊಟ್ಟರು. ನಾನು ಗೆದ್ದವನಂತೆ ವಿಮಲಳ ಕಡೆ ನೋಡಿದೆ. ಅವಳು ಅಷ್ಟರಲ್ಲಿ ಕೂತು, ಬಿಸಿ ಒದ್ದೆ ಟವಲಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು.

ಕೌಂಟರಿನಲ್ಲಿ

ಹಸಿರು ಚಟ್ನಿ ಎಂದು ವಸಾಬಿ ಎಂಬ ಘಾಟಿನ ಗೊಜ್ಜನ್ನು ಮುಕ್ಕಿ ಕಣ್ಣೀರು ಸುರಿಸಿದ ಕಥೆಯನ್ನು ಓದುಗರು ನಿರೀಕ್ಷಿಸುತ್ತಿದ್ದರೆ ಕ್ಷಮಿಸಿ, ಇಂಚರ ಅದನ್ನು ನಮ್ಮ ಕೈಗೆ ಸಿಗದ ಹಾಗೆ ಇಟ್ಟಿದ್ದಳು. ಎಷ್ಟು ಬೇಕೋ ಅಷ್ಟನ್ನು ಅವಳೇ ಅನ್ನದ ಮೇಲೆ ಸವರುತ್ತಿದ್ದಳು.

ವಿಮಲ ‘ಒಮಾಕಾಸೆ’ ಎಂದಳು. ತಾಯ್ಶೋ ಅವರ ಹುಬ್ಬು ಸ್ವಲ್ಪ ಮೇಲೇರಿತು. ಅಷ್ಟು ಚೆನ್ನಾಗಿ ಹೇಳಿದ್ದಳು.

ಮೊದಲು ಬಂದದ್ದು ಬದನೆಕಾಯಿ. ಸುಟ್ಟು, ಸಿಪ್ಪೆ ತೆಗೆದು, ಪುಟ್ಟ ಅನ್ನದ ಉಂಡೆಯ ಮೇಲೆ ಹೊದಿಸಿದ್ದು. ಕೈಯಲ್ಲಿ ತಿನ್ನಬಹುದು, ಅದೇ ಹಳೆಯ ರೀತಿ ಎಂದು ಇಂಚರ ಹೇಳಿದಾಗ ನನಗಾದ ಸಂತೋಷ ಹೇಳತೀರದು. ಜಪಾನಿಯರು ತಿನ್ನುವ ಜೋಡಿ ಕಡ್ಡಿ ಹಿಡಿಯುವುದನ್ನು ವಾರವಿಡೀ ಕಡಲೆಕಾಯಿಯ ಮೇಲೆ ಅಭ್ಯಾಸ ಮಾಡಿ ಸೋತಿದ್ದೆ. ಬಾಯಿಗೆ ಹಾಕಿಕೊಂಡೆ. ಹುಳಿ, ಸಿಹಿ, ಹೊಗೆಯ ವಾಸನೆ, ಬೆಚ್ಚಗಿನ ಅನ್ನ ನಾಲಿಗೆಯ ಮೇಲೆ ಬಿಡಿಬಿಡಿಯಾಗಿ ಹರಡಿತು. ನಾನು ತಟ್ಟೆಗೆ ಬೆರಳು ಚಾಚಿ ಯೋಶಿ ಎಂದೆ. ಬಾಯಿಂದ ಬಂದೇಬಿಟ್ಟಿತು.

ಆಮೇಲೆ ಅಣಬೆ, ಅದನ್ನು ನಮಗೋಸ್ಕರ ಬೇರೆ ಪಾತ್ರೆಯಲ್ಲಿ, ಕಡಲಕಳೆ ಕುದಿಸಿ ಬಸಿದ ಕಟ್ಟಿನಲ್ಲಿ ಬೇಯಿಸಿದ್ದಳು. ಆಮೇಲೆ ಹುಳಿ ಉಪ್ಪಿನಕಾಯಿ ಹಣ್ಣು ಇಟ್ಟು ಸುತ್ತಿದ ಸುರುಳಿ, ಅದನ್ನು ತಿಂದು ವಿಮಲ ನಮ್ಮ ಮಾವಿನ ಮಿಡಿಯ ಚಿಕ್ಕಪ್ಪನ ಮಗ ಎಂದು ತೀರ್ಮಾನಿಸಿದಳು. ಕಡಲಕಳೆಯ ಹಾಳೆ ಮೆತ್ತಗಾಗಿಬಿಡುತ್ತದೆಂದು ಒಂದು ಸುರುಳಿಯನ್ನು ಇಂಚರ ತಟ್ಟೆಗೆ ಇಡದೆ ಕೌಂಟರಿನಾಚೆಯಿಂದ ನೇರವಾಗಿ ಕೈಗೇ ಚಾಚಿದಳು. ವಿಮಲ ಅಂಗೈ ಒಡ್ಡಿ ಇಸಿದುಕೊಂಡಳು. ಹುಣ್ಣಿಮೆಯ ದಿನ ಅಜ್ಜಿಯ ಸುತ್ತ ಕೂತು ಇಸಿದುಕೊಳ್ಳುತ್ತಿದ್ದ ಕೈತುತ್ತು ಅಲ್ಲದೆ ಇದು ಬೇರೇನು? ಎಷ್ಟೋ ಜನ ಕೂತಿದ್ದ ಆ ಅಂಗಡಿಯಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ಚೆನ್ನಾಗಿ ಕೆಲಸ ಮಾಡುವವಳನ್ನು ಮಾತ್ರೆ ಎಣಿಸಲು ವಾಪಸ್ ಕಳಿಸಲು ನಾನು ಬಂದಿದ್ದೇನಲ್ಲ ಎಂಬ ಯೋಚನೆ ಬಂತು. ಇನ್ನೊಂದು ಸುರುಳಿ ಬಂದಿದ್ದರಿಂದ ಆ ಯೋಚನೆ ಹೋಯಿತು.

ತಾಯ್ಶೋ ಉಳಿದ ಗಿರಾಕಿಗಳಿಗೆ ಕೊಯ್ದುಕೊಡುತ್ತಲೇ ಅವಳ ಕೈಗಳನ್ನೇ ನೋಡುತ್ತಿದ್ದರು.

ನನ್ನ ಆರ್ಡರು

ನಮ್ಮ ಬೆಂಗಳೂರಿನ ದರ್ಶಿನಿಗಳಲ್ಲಿ ಯಾರೂ ಬೋರ್ಡು ಓದಿ ತಿಂಡಿ ಹೇಳುವುದಿಲ್ಲ. ಪಕ್ಕದಲ್ಲಿ ನಿಂತವನ ತಟ್ಟೆ ನೋಡುತ್ತೇವೆ. ಅವನದು ಹೊಗೆಯಾಡುತ್ತಿದ್ದರೆ ‘ಅದೇ ಕೊಡಿ’ ಎನ್ನುತ್ತೇವೆ. ನನ್ನ ಪಕ್ಕದಲ್ಲಿ ವಯಸ್ಸಾದ ಅಮೆರಿಕನ್ ಒಬ್ಬರು, ಅಲ್ಲಿನ ಖಾಯಂ ಗಿರಾಕಿಯಂತೆ ಕಂಡರು, ಒಂದು ಸುರುಳಿಯನ್ನು ಕಣ್ಣು ಅರೆಮುಚ್ಚಿ ತಿನ್ನುತ್ತಿದ್ದರು. ಒಳಗೆ ಬೆಲ್ಲದ ಬಣ್ಣದ ಏನೋ ಒಂದು ಹೊಳೆಯುತ್ತಿತ್ತು. ಅದೇನೆಂದು ಇಂಚರಳನ್ನು ಕೇಳಿದೆ. ಒಣಗಿಸಿ ಬೇಯಿಸಿದ ತರಕಾರಿ, ಬಾಟಲ್ ಗೋರ್ಡ್ ಎಂದಳು.

ಸೋರೆಕಾಯಿ. ಊರಿನಲ್ಲಿ ವಿಮಲ ಸೋರೆಕಾಯಿ ಹುಳಿ ಮಾಡಿದ ದಿನ ನಾನು ಹೊರಗೆ ಊಟಕ್ಕೆ ಹೋಗುತ್ತೇನೆ. ಆದರೆ ಹೋಬೋಕನ್ನಿನಲ್ಲಿ, ಪಕ್ಕದವರ ತಟ್ಟೆಯಲ್ಲಿ ಅದು ಬೇರೆಯೇ ಕಳೆಯಿಂದಿತ್ತು. ಮೇಲಾಗಿ ಬಾಗಿಲಲ್ಲಿ ಒಹಾಯೋ ಎಂದದ್ದು ಬಿಟ್ಟರೆ ಇಷ್ಟು ಹೊತ್ತಾದರೂ ನನ್ನ ಜಪಾನಿ ಒಂದು ಸಲವೂ ಕೆಲಸಕ್ಕೆ ಬಂದಿರಲಿಲ್ಲ. ವಿಮಲ ಮೊಣಕೈಯಿಂದ ತಿವಿದದ್ದು ಗೊತ್ತಾಯಿತು. ಬೆನ್ನು ನೆಟ್ಟಗೆ ಮಾಡಿ ತಾಯ್ಶೋ ಅವರಿಗೆ ಕೇಳಿಸುವ ಹಾಗೆ ‘ಕೊರೆ ಕುದಾಸಾಯ್’ ಎಂದು ಬೆರಳು ಚಾಚಿದೆ.

ಇಂಚರಳ ಕೈ ಒಂದು ಗಳಿಗೆ ನಿಂತಿತು. ಅವಳು ಮಾಡಲಿದ್ದದ್ದು ಬೇರೆ. ಆದರೆ ದೊಡ್ಡಪ್ಪ ಬಾಯಿ ಬಿಟ್ಟು ಕೇಳಿದ್ದಾನೆ, ಯಜಮಾನರು ನೋಡುತ್ತಿದ್ದಾರೆ. ‘ಹಾಯ್’, ಅಂದರೆ ಆಗಲಿ, ಎಂದು ಕೌಂಟರಿನ ಮೇಲಿನ ಡಬ್ಬಿ ತೆರೆದು, ಬೆಲ್ಲದ ಬಣ್ಣದ ಪಟ್ಟಿಗಳನ್ನು ತೆಗೆದು, ಅನ್ನ ಹರವಿ, ಸುತ್ತಿ, ಕತ್ತರಿಸಿ, ಇಬ್ಬರ ಮುಂದೆಯೂ ಇಟ್ಟಳು. ನೋಡಲು ಕಣ್ಣಿಗೆ ಹಬ್ಬ. ತಾಯ್ಶೋ ಮೊದಲ ಸಲ ತಲೆ ಅಲ್ಲಾಡಿಸಿದ್ದು ಆಗಲೇ. ಒಪ್ಪಿಗೆಯ ತಲೆಯಾಟ ಯಾವ ದೇಶದ್ದಾದರೂ ಗೊತ್ತಾಗುತ್ತದೆ. ಅವಳು ಪಾಸಾಗಿದ್ದಳು.

ನಾನು ಒಂದನ್ನು ಬಾಯಿಗೆ ಹಾಕಿಕೊಂಡೆ. ಅಯ್ಯೋ, ಏನು ರುಚಿ. ಈ ಸೋರೆಕಾಯಿಯ ಮುಂದೆ ನಾನು ಜೀವಮಾನವಿಡೀ ತಿರಸ್ಕರಿಸಿದ ಸೋರೆಕಾಯಿಗಳೆಲ್ಲ ಬಂದು ನಿಂತು ನಕ್ಕ ಹಾಗಾಯಿತು. ನುಂಗಿದೆ. ವಿಮಲ ತನ್ನದನ್ನು ಎತ್ತಿ ತುಟಿಯ ಹತ್ತಿರ ತಂದಿದ್ದಳು.

“ದೊಡ್ಡಮ್ಮ, ಪ್ಲೀಸ್, ಕೆಳಗಿಡಿ. ಡೋಂಟ್ ಈಟ್ ದಟ್.”

ಇಂಚರಳ ಮುಖ ಬಿಳುಚಿಕೊಂಡಿತ್ತು. ಕೌಂಟರಿನಲ್ಲಿದ್ದವರೆಲ್ಲ ತಿರುಗಿದರು. ಅವಳು ಮೊದಲು ನಮಗೆ, ಆಮೇಲೆ ತಾಯ್ಶೋ ಅವರಿಗೆ ಹೇಳಿದಳು. ಆ ಸೋರೆಕಾಯಿ ನಮಗಾಗಿ ಮಾಡಿದ್ದಲ್ಲ, ಅಂಗಡಿಯ ಎಂದಿನ ಡಬ್ಬಿಯದು. ಅದನ್ನು ಒಣಮೀನಿನ ಕಟ್ಟಿನಲ್ಲಿ ಬೇಯಿಸಿರುತ್ತಾರೆ. ತರಕಾರಿ ಎಂದು ಬಾಯಲ್ಲಿ ಹೇಳುವಾಗ ಅದು ಬೆಂದ ನೀರು ನೆನಪಾಗಲಿಲ್ಲ. ತಪ್ಪು ನನ್ನದು ಎಂದಳು. ದೊಡ್ಡಪ್ಪ ಮಧ್ಯೆ ಬಾಯಿ ಹಾಕಿದರು ಎಂದು ಹೇಳಬಹುದಿತ್ತು, ಹೇಳಲಿಲ್ಲ. ಸುಮ್ಮನಿದ್ದಿದ್ದರೆ ನಮ್ಮಲ್ಲಿ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಎರಡು ತಟ್ಟೆಗಳನ್ನೂ ಎಳೆದುಕೊಂಡು ತಲೆ ತಗ್ಗಿಸಿ ನಿಂತಳು.

ನನ್ನೊಳಗೆ ಒಣಮೀನಿನ ಕಟ್ಟು ಇಳಿದಾಗಿತ್ತು. ಸಂಕಟವಾಗಬೇಕಿತ್ತು. ಆದರೆ ನನಗೆ ಬಂದದ್ದು ಹೆಮ್ಮೆ. ನಮ್ಮ ಕಾರ್ಖಾನೆಯ ಲೈನಿನ ಮೇಲೆ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತಿತ್ತು. ತಪ್ಪು ಕಂಡವರು, ಅವರು ಎಷ್ಟೇ ಹೊಸಬರಾಗಲಿ, ತಪ್ಪು ಅವರದೇ ಆಗಿರಲಿ, ಆ ಹಗ್ಗ ಎಳೆಯಬೇಕು. ಇಡೀ ಲೈನು ನಿಲ್ಲುತ್ತದೆ, ದೀಪ ಹತ್ತುತ್ತದೆ, ಒಂದು ಟ್ಯೂನು ಕೇಳಿಸುತ್ತದೆ. ಲೀಡರು ಓಡಿಬಂದು ಏನಾಯಿತು ಎಂದು ಕೇಳುವ ಮುಂಚೆ ಹಗ್ಗ ಎಳೆದವರಿಗೆ ಥ್ಯಾಂಕ್ಸ್ ಹೇಳಬೇಕು. ಅದು ಕಟ್ಟಪ್ಪಣೆ. ಎಲ್ಲರೂ ನೋಡುತ್ತಿರುವಾಗ ಆ ಹಗ್ಗಕ್ಕೆ ಕೈ ಹಾಕುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಎಳೆಯದೆ ಬಿಟ್ಟವರೇ ಹೆಚ್ಚು.

ನಾನು ಎದ್ದು ನಿಂತೆ. ದೀಪ ಇರಲಿಲ್ಲ, ಹಾಗಾಗಿ ಟ್ಯೂನನ್ನು ನಾನೇ ಗುನುಗಿದೆ, ಪೂರ್ತಿಯಾಗಿ. ಆಮೇಲೆ ಇಂಚರಳ ಕಡೆ ಬಾಗಿ, ಥ್ಯಾಂಕ್ಸ್ ಎನ್ನಲು “ಅರಿಗಾತೋ ಗೊಝಾಯ್‌ಮಾಸ್” ಎಂದೆ. ಅವಳಿಗೆ ಕಣ್ಣು ತುಂಬಿತು. ವಿಮಲ ಕೂತಲ್ಲಿಂದಲೇ, “ಇವರದ್ದಂತೂ ಆಗ್ಹೋಯ್ತು, ನಂಗೆ ಬೇರೆ ಮಾಡ್ಕೊಡು ಪುಟ್ಟಿ” ಎಂದಳು. ಸ್ವಲ್ಪ ತಡೆದು, ಹೇಗಿತ್ತು ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

ತಾಯ್ಶೋ ಚಾಕು ಕೆಳಗಿಟ್ಟರು. ಅದೇನು ಹಾಡು ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಹಗ್ಗದ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಇಂಚರಳ ಕಡೆ ತಿರುಗಿ, ತಾವು ಅವಳ ಕೈಗಳನ್ನು ಮಾತ್ರ ನೋಡುತ್ತಿದ್ದುದಾಗಿಯೂ, ಯಾವ ಡಬ್ಬಿ ತೆರೆದಳೆಂದು ತಾವೂ ಗಮನಿಸಲಿಲ್ಲವೆಂದೂ ಹೇಳಿದರು. ವಿಮಲಳಿಗೆ ತಲೆಬಾಗಿ ಸುಮಿಮಾಸೆನ್ ಎಂದರು. ಪಾಸು, ನಪಾಸು ಎಂಬ ಮಾತೇ ಇಲ್ಲ. ಆ ಸೋರೆಕಾಯಿ ಡಬ್ಬಿಯನ್ನು ಎತ್ತಿಕೊಂಡು ಹಿಂದಿನ ಅಡುಗೆಮನೆಗೆ ಹೋಗಿಬಿಟ್ಟರು.

ಇಂಚರ ಒಂದು ಉಸಿರು ತೆಗೆದುಕೊಂಡು ಸೌತೆಕಾಯಿ ಹೆಚ್ಚಲು ಶುರುಮಾಡಿದಳು. ಸುರುಳಿ ಚೆನ್ನಾಗಿಯೇ ಬಂತು. ನಾನು ಈ ಸಲ ಬೆರಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ತಿಂದೆ.

ಬೀದಿಯಲ್ಲಿ

ಆಗಲೇ ಬಾಗಿಲು ಸರಿಯಿತು. ಗಂಡ ಹೆಂಡತಿಯಂತೆ ಕಾಣುವ ಇಬ್ಬರು ಒಳಬಂದು ನಿಂತರು. ಖಾಲಿ ಕುರ್ಚಿ ಇರಲಿಲ್ಲ. ಇಂಚರ ಅಡುಗೆಮನೆಯ ಕಡೆ ನೋಡಿದಳು. ತಾಯ್ಶೋ ಅಲ್ಲಿ ನಮಗೆ ಬೆನ್ನು ಮಾಡಿ ಅಕ್ಕಿ ತೊಳೆಯುತ್ತಿದ್ದರು. ಹೊರಗೆ ಬರುವ ಲಕ್ಷಣ ಕಾಣಲಿಲ್ಲ. ಅವಳು ಇನ್ನೊಮ್ಮೆ ನೋಡಿದಳು. ಅವರು ತಿರುಗದೆಯೇ, ಬಂದವರನ್ನು ನೀನೇ ನೋಡಿಕೊ ಎನ್ನುವ ಹಾಗೆ ಕೈಯನ್ನು ಮಾತ್ರ ಬಾಗಿಲ ಕಡೆ ಬೀಸಿ, ಮತ್ತೆ ಅಕ್ಕಿಯೊಳಗೆ ಇಳಿಸಿದರು.

ಇಂಚರ ನನ್ನನ್ನು ನೋಡಿದಳು. ಆ ಕಣ್ಣಿನಲ್ಲಿ ನಮ್ಮ ಹುಡುಗಿ ಇರಲಿಲ್ಲ, ಅಂಗಡಿಯ ಕೆಲಸಗಾರ್ತಿ ಇದ್ದಳು.

“ದೊಡ್ಡಪ್ಪ, ಸಾರಿ, ಐ ನೀಡ್ ಯುವರ್ ಸೀಟ್ಸ್.”

ವಿಮಲ ಗೊಚಿಸೋಸಾಮಾ ಹೇಳಿ ಮುಗಿಸುವುದರೊಳಗೆ ನಮ್ಮ ತಟ್ಟೆಗಳು ಹೋಗಿದ್ದವು. ಬೀದಿಗೆ ಬಂದು ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಕೈ ತೊಳೆಯುವ ಮುಂಚೆ ಎಲೆಯಿಂದ ಎಬ್ಬಿಸಿದ್ದಕ್ಕೆ ಇಷ್ಟು ಖುಷಿಪಟ್ಟ ಅತಿಥಿಗಳು ಇನ್ನೆಲ್ಲೂ ಇರಲಾರರು. ನಗು ನಿಲ್ಲುವ ಮೊದಲೇ ರಘುವಿನ ಫೋನು ಬಂತು.

“ಹೇಳಿದ್ರಾ ಅಣ್ಣ? ಏನಂದ್ಲು?”

“ಎದ್ದೇಳಿ ಅಂದ್ಲು. ಗಿರಾಕಿಗಳು ಕಾಯ್ತಿದಾರಂತೆ.”

ನಾನು ಗಾಜಿನೊಳಗೆ ನೋಡುತ್ತ ನಿಂತೆ. ನಮ್ಮ ಕುರ್ಚಿಗಳಲ್ಲಿ ಕೂತ ಆ ಇಬ್ಬರು ಏನೋ ಕೇಳುತ್ತಿದ್ದರು, ಇಂಚರ ಬಗ್ಗಿ ಕೇಳಿಸಿಕೊಳ್ಳುತ್ತಿದ್ದಳು. ಕೊನೆಗೆ ರಘು ಗಂಟಲು ಸರಿಮಾಡಿಕೊಂಡ.

“ಅಲ್ಲಾ ಅಣ್ಣ, ಅವಳ ಮುಂದೆ ಕೂರ್ಬೇಕು ಅಂದ್ರೆ ಮುಂಚೇನೇ ಬುಕ್ ಮಾಡ್ಬೇಕಾಗತ್ತಾ?”

ಮಾಡಿದರೆ ಒಳ್ಳೆಯದು ಎಂದೆ.